ಮೆಕ್ಸಿಕನ್ ಅಡುಗೆ ಪುಸ್ತಕ ಬುಧವಾರಕ್ಕೆ ಆಗುತ್ತಾ?

ಸ್ಯಾನ್ ಆಂಟೋನಿಯೋದಲ್ಲಿ ಮಗನ ಮನೆಗೆ ಹೋಗಿ ಸೊಸೆಯ ಬಾಣಂತನ ಮುಗಿಸಿಕೊಂಡು ಬಂದ ಸುದ್ದಿಯನ್ನು ಕಳೆದ ಸಲ ಬರೆದಿದ್ದೆ. ಅದರಲ್ಲಿ ಒಂದು ಮೆಕ್ಸಿಕನ್ ಅಡುಗೆ ಪುಸ್ತಕದ ಪ್ರಸ್ತಾಪ ಬಂದು, ಹೆಸರು ಹೇಳದೆ ದಾಟಿಹೋಗಿದ್ದೆ. ನೀವು ಬಿಡಲಿಲ್ಲ. "ಯಾವ ಪುಸ್ತಕ? ನಮ್ಮಂಥವರು ದಿನಾ ಮಾಡೋ ಅಡುಗೆಗೆ ಆಗುತ್ತಾ? ದುಡ್ಡು ಕೊಟ್ಟು ತಗೋಬಹುದಾ?" ಅಂತ ಕೇಳಿದ್ದೀರಿ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಈ ಸಲ ಪೂರ್ತಿ ಅದೇ ವಿಷಯ.

ಪುಸ್ತಕದ ಹೆಸರು 'ದಿ ಎಸೆನ್ಷಿಯಲ್ ಕ್ವಿಸೀನ್ಸ್ ಆಫ್ ಮೆಕ್ಸಿಕೋ'. ಬರೆದವರು ಡಯಾನಾ ಕೆನಡಿ. ಈಕೆ ಮೆಕ್ಸಿಕೋದವರಲ್ಲ, ಇಂಗ್ಲೆಂಡಿನಲ್ಲಿ ಹುಟ್ಟಿದವರು. ಪತಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರ. 1957ರಲ್ಲಿ ಮೆಕ್ಸಿಕೋ ಸೇರಿದರು. ಹತ್ತೇ ವರ್ಷಕ್ಕೆ ಪತಿ ತೀರಿಕೊಂಡರು. ಈಕೆ ಮಾತ್ರ ಆ ದೇಶದ ಅಡುಗೆಯನ್ನು ಬಿಡಲಿಲ್ಲ. ಊರೂರು ತಿರುಗಿ, ಮನೆಮನೆಯ ಹೆಂಗಸರ ಪಕ್ಕ ನಿಂತು ಕಲಿತು, 1972ರಲ್ಲಿ ಮೊದಲ ಪುಸ್ತಕ ತಂದರು. ಕೊನೆಗೆ ಮಿಚೋಅಕಾನ್ ಎಂಬಲ್ಲಿ ಮನೆ ಕಟ್ಟಿಕೊಂಡು, 99 ವರ್ಷ ಬದುಕಿ, 2022ರಲ್ಲಿ ತೀರಿಕೊಂಡರು. ನಾನು ಹೇಳುತ್ತಿರುವುದು ಅವರ ಮೊದಲ ಮೂರು ಪುಸ್ತಕಗಳನ್ನು ಸೇರಿಸಿ 2000ದಲ್ಲಿ ತಂದ ದಪ್ಪ ಪುಸ್ತಕ. ಎತ್ತಿದರೆ ಕೈ ನೋಯುತ್ತದೆ.

ಇದು ನನ್ನ ಕೈಗೆ ಬಂದದ್ದು ಪುಸ್ತಕದ ಆಸೆಯಿಂದ ಅಲ್ಲ. ಸೊಸೆಯ ಮನೆಯವರು ಮೂಲತಃ ಪುಯೆಬ್ಲಾ ಕಡೆಯವರು. ಅವಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಹೆರಿಗೆಯಾದ ಮೊದಲ ಎರಡು ವಾರ ನಾನು ಮೆಣಸಿನ ಸಾರು, ಬೆಳ್ಳುಳ್ಳಿ ಹಾಕಿದ ತೊವ್ವೆ ಅಂತ ನನಗೆ ಗೊತ್ತಿರೋದನ್ನೆಲ್ಲ ಮಾಡಿ ಹಾಕಿದೆ. ಪಾಪ, ಬೇಡ ಅನ್ನದೆ ತಿಂದಳು. ಮೂರನೇ ವಾರ ಒಂದು ಮಧ್ಯಾಹ್ನ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು, "ಅತ್ತೆ, ನಂಗೆ ಫ್ರಿಹೋಲೆಸ್ ತಿನ್ಬೇಕು ಅನ್ನಿಸ್ತಿದೆ. ಅಮ್ಮ ಮಾಡ್ತಿದ್ದ ಹಾಗೆ" ಅಂದಳು.

ಫ್ರಿಹೋಲೆಸ್ ಅಂದರೆ ಕಾಳು. ಬೇಯಿಸಿದ ಕಾಳು, ಅದರ ಕಟ್ಟಿನ ಸಮೇತ. ಅಷ್ಟೇ. ಹೇಗೆ ಮಾಡೋದು ಅಂದರೆ ಅವಳಿಗೆ ಗೊತ್ತಿಲ್ಲ. ಅಮ್ಮ ಇದ್ದಾಗ ಅಮ್ಮ ಮಾಡುತ್ತಿದ್ದರು, ಹೋದ ಮೇಲೆ ಡಬ್ಬಿಯದು ತರುತ್ತಿದ್ದರು. ತಾಯಿ ಒಂದು ಚೀಟಿಯಲ್ಲೂ ಬರೆದಿಟ್ಟಿರಲಿಲ್ಲ. ಕಾಳು ಬೇಯಿಸೋದನ್ನು ಯಾರಾದರೂ ಬರೆದಿಡುತ್ತಾರೆಯೇ? ನಾನೂ ನನ್ನ ಮಗಳಿಗೆ ತಿಳಿಸಾರು ಬರೆದುಕೊಟ್ಟಿಲ್ಲ.

ನಾನು ಬುದ್ಧಿವಂತಳು ಅಂದುಕೊಂಡು ಕಪ್ಪು ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಕುಕ್ಕರ್ ಕೂಗಿಸಿ, ಜೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, "ಚೆನ್ನಾಗಿದೆ ಅತ್ತೆ. ಇಲ್ಲಿನ ಹೋಟೆಲಿಂದರ ಥರಾನೇ ಇದೆ" ಅಂದಳು. ಅದು ಹೊಗಳಿಕೆ ಅಲ್ಲ ಅಂತ ಗೊತ್ತಾಗಲು ನನಗೆ ಒಂದು ದಿನ ಬೇಕಾಯಿತು. ಜೀರಿಗೆ ಘಾಟು ಟೆಕ್ಸಸ್ ಕಡೆಯ ಮೆಕ್ಸಿಕನ್ ಹೋಟೆಲುಗಳ ಗುರುತು. ಅವರಮ್ಮನ ಕಾಳಿನಲ್ಲಿ ಅದು ಇರುತ್ತಿರಲಿಲ್ಲ.

ಆಗ ಪುಸ್ತಕದ ಕಪಾಟಿಗೆ ಹೋದೆ. ಅಲ್ಲಿ ಎರಡು ಇದ್ದವು. ಮಗ ಮೊದಲು ಎಳೆದುಕೊಟ್ಟದ್ದು ಶಿಕಾಗೋದ ಬಾಣಸಿಗ ರಿಕ್ ಬೇಲೆಸ್ ಅವರ 'ಮೆಕ್ಸಿಕನ್ ಎವ್ರಿಡೇ', 2005ರದ್ದು. "ಇದು ಸುಲಭ ಅಮ್ಮ, ನಾನೇ ಮಾಡ್ತೀನಿ ಇದ್ರಲ್ಲಿ." ನಿಜ, ಒಳ್ಳೆಯ ಪುಸ್ತಕವೇ. ಕೆಲಸದಿಂದ ಬಂದು ಬೇಗ ಊಟ ಆಗಬೇಕು ಅನ್ನುವವರಿಗೆ ಬರೆದದ್ದು. ಡಬ್ಬಿ ಕಾಳು, ಡಬ್ಬಿ ಟೊಮೆಟೊ ಬಳಸಿದರೆ ಪಾಪ ಅನ್ನುವುದಿಲ್ಲ. ಇದನ್ನು ಹೀಗೂ ಬದಲಿಸಿ ನೋಡಿ ಅನ್ನುತ್ತಾರೆ. ಸೊಪ್ಪು, ಹುರಿದ ಈರುಳ್ಳಿ, ಚೀಸ್ ಇಟ್ಟು ಮಾಡುವ ಒಂದು ಟಾಕೋ ಇದೆ, ನಮ್ಮ ಚಪಾತಿ ಪಲ್ಯ ತಿನ್ನುವವರಿಗೆ ಸಲೀಸು. ಆದರೆ ಇದು ಅಮೆರಿಕದಲ್ಲಿ ದುಡಿಯುವವರ ಬುಧವಾರ. ಸೊಸೆ ಕೇಳಿದ್ದು ಪುಯೆಬ್ಲಾದ ಬುಧವಾರ.

ಕೆನಡಿಯವರ ಪುಸ್ತಕದಲ್ಲಿ ಅದು ಸಿಕ್ಕಿತು. ಹೆಸರು 'ಫ್ರಿಹೋಲೆಸ್ ದೆ ಓಯಾ', ಮಡಕೆ ಕಾಳು ಅನ್ನಿ. ಕಾಳು ಬೇಯಿಸೋದಕ್ಕೆ ಇಷ್ಟು ಮಾತೇ ಅನ್ನುವಷ್ಟು ಹೇಳಿದ್ದಾರೆ. ನೆನೆಹಾಕಬೇಡಿ, ಹಾಕಿದರೂ ಆ ನೀರು ಚೆಲ್ಲಬೇಡಿ. ಬಿಸಿನೀರಿನಲ್ಲಿ ಒಂದು ತುಂಡು ಈರುಳ್ಳಿ, ಸ್ವಲ್ಪ ಹಂದಿ ಕೊಬ್ಬಿನ ಜೊತೆ ಸಣ್ಣ ಉರಿಯಲ್ಲಿ ಬೇಯಲಿ. ಸಿಪ್ಪೆ ಮೆತ್ತಗಾಗುವ ತನಕ ಉಪ್ಪು ಮುಟ್ಟಬೇಡಿ. ಎಪಜೋತೆ ಅನ್ನುವ ಘಾಟು ಸೊಪ್ಪು ಕೊನೆಯಲ್ಲಿ. ಮಾರನೆಯ ದಿನ ಇನ್ನೂ ರುಚಿ. ಜೀರಿಗೆ ಇಲ್ಲ, ಒಗ್ಗರಣೆ ಇಲ್ಲ. ನಮ್ಮದು ಸಸ್ಯಾಹಾರದ ಕೈ, ಹಂದಿ ಕೊಬ್ಬಿನ ಬದಲು ಎರಡು ಚಮಚ ಎಣ್ಣೆ ಹಾಕಿದೆ. ಉಳಿದದ್ದನ್ನು ಅಕ್ಷರ ತಪ್ಪದೆ ಮಾಡಿದೆ. ಹತ್ತಿರ ಹತ್ತಿರ ಮೂರು ಗಂಟೆ. ನಡುನಡುವೆ ಕುಕ್ಕರ್ ಕಡೆ ಕೈ ಹೋಗುತ್ತಿತ್ತು, ತಡೆದುಕೊಂಡೆ.

ಮಾರನೇ ದಿನ ಬಟ್ಟಲಿಗೆ ಹಾಕಿಕೊಟ್ಟೆ. ಕಟ್ಟು ಗಟ್ಟಿಯಾಗಿ, ಕಪ್ಪಗೆ ಹೊಳೆಯುತ್ತಿತ್ತು. ಅವಳು ಮೊದಲು ಕಟ್ಟನ್ನೇ ಕುಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಮ್ಮ ಉಪ್ಪು ಇನ್ನೊಂಚೂರು ಕಮ್ಮಿ ಹಾಕ್ತಿದ್ರು" ಅಂದಳು. ಇನ್ನೊಂದು ಬಟ್ಟಲು ತಾನೇ ಎದ್ದು ಹೋಗಿ ಹಾಕಿಕೊಂಡಳು.

ಅಲ್ಲಿಂದ ನನಗೆ ಆ ಪುಸ್ತಕದ ಮೇಲೆ ನಂಬಿಕೆ ಬಂತು. ಟೊಮೆಟೊ ರುಬ್ಬಿ ಹಾಕುವ ಅವರ ಅನ್ನ ಮಾಡಿದೆ. ಅಕ್ಕಿಯನ್ನು ಬಿಸಿನೀರಿನಲ್ಲಿ ನೆನೆಸಿ, ತೊಳೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಆಮೇಲೆ ಟೊಮೆಟೊ. ಮಸಾಲೆ ಇಲ್ಲದ ಟೊಮೆಟೊ ಬಾತ್, ಆದರೆ ಒಂದೊಂದು ಅಗುಳೂ ಬೇರೆ. ಅಲ್ಲಿ ಕೋಳಿ ಕಟ್ಟು ಹಾಕಿ ಅಂದ ಕಡೆ ತರಕಾರಿ ಬೇಯಿಸಿದ ನೀರು ಹಾಕಿದೆ, ಏನೂ ಕೆಡಲಿಲ್ಲ. ಸಾಲ್ಸಾ ಅಂತೂ ನಮಗೆ ಹೇಳಿಕೊಡಬೇಕಾಗೇ ಇಲ್ಲ. ಹೆಂಚಿನ ಮೇಲೆ ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟು ಅರೆಯುವುದು. ಅವರ ಕೊಮಾಲ್ ನಮ್ಮ ಹೆಂಚು, ಅವರ ಮೊಲ್ಕಾಹೆತೆ ಮೂರು ಕಾಲಿನ ಕಲ್ಲಿನ ಒರಳು. ಹಾಗಂತ ಈಕೆ ಒರಳೇ ಬೇಕು ಅಂತ ಹಟ ಹಿಡಿಯುವುದಿಲ್ಲ, ಎಷ್ಟೋ ಕಡೆ ಮಿಕ್ಸಿಯಲ್ಲೇ ಅರೆಯಲು ಹೇಳುತ್ತಾರೆ. ಅಂದಹಾಗೆ, ಮೆಣಸಿನಕಾಯಿ ನಮಗೆ ಬಂದದ್ದೇ ಅವರ ಕಡೆಯಿಂದ, ಪೋರ್ಚುಗೀಸರ ಹಡಗಿನಲ್ಲಿ. ಅದಕ್ಕೆ ಮೊದಲು ನಮ್ಮ ಸಾರಿಗೆ ಖಾರ ಅಂದರೆ ಮೆಣಸೇ. ಹೊಸದು ಬಂದಾಗ ಹಳೆ ಹೆಸರಿಗೇ ಒಂದು ಕಾಯಿ ಸೇರಿಸಿಕೊಂಡೆವು.

ಇನ್ನು ತಕರಾರು. ಈ ಪುಸ್ತಕ ದಿನದ ಅಡುಗೆಯನ್ನೂ ಹಬ್ಬದ ಅಡುಗೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಪುಯೆಬ್ಲಾದ ಮೋಲೆ ಅಂತ ಒಂದಿದೆ. ಮೂರು ಬಗೆಯ ಒಣಮೆಣಸಿನಕಾಯಿ, ಬಾದಾಮಿ, ಎಳ್ಳು, ಒಣದ್ರಾಕ್ಷಿ, ಚಕ್ಕೆ, ಲವಂಗ, ಚಾಕೊಲೇಟು, ಒಂದೊಂದನ್ನೂ ಬೇರೆ ಬೇರೆ ಹುರಿದು ಅರೆದು, ಟರ್ಕಿ ಕೋಳಿಯ ಜೊತೆ ಬೇಯಿಸುವುದು. ಅದು ಅವರಲ್ಲಿ ಮದುವೆ ಮುಂಜಿಗೆ ನಾಲ್ಕು ಹೆಂಗಸರು ಸೇರಿ ಮಾಡುವ ಕೆಲಸ. ಹೊಸಬರು ಪುಸ್ತಕ ತೆರೆದು ಮೊದಲು ಅದೇ ಪುಟ ನೋಡಿದರೆ, ಇದು ನನ್ನ ಕೈಯಲ್ಲಾಗುವ ಅಡುಗೆ ಅಲ್ಲ ಅಂತ ಮುಚ್ಚಿಡುತ್ತಾರೆ. ನಮ್ಮ ಅಡುಗೆ ಕಲಿಯಲು ಹೊರಟವರ ಕೈಗೆ ಮೊದಲ ದಿನವೇ ಒಬ್ಬಟ್ಟಿನ ಕಣಕ ಕೊಟ್ಟಂತೆ. ನಾನು ಪೆನ್ಸಿಲ್ ಹಿಡಿದು ಪುಟದ ತುದಿಗೆ 'ದಿನ', 'ಹಬ್ಬ', 'ನಮಗಲ್ಲ' ಅಂತ ಗುರುತು ಹಾಕುತ್ತ ಹೋದೆ. 'ನಮಗಲ್ಲ' ಬಹಳ ಇವೆ, ಮಾಂಸ ಮೀನಿನ ಭಾಗವೇ ದೊಡ್ಡದು. ಮಾಂಸ ತಿನ್ನುವ ಮನೆಯವರಿಗೆ ಈ ಲೆಕ್ಕ ಬೇರೆಯಾಗುತ್ತದೆ.

'ದಿನ' ಅಂತ ಗುರುತು ಹಾಕಿದ ಪುಟಗಳನ್ನು ಎರಡು ಮೂರು ಸಲ ಮಾಡಿದ ಮೇಲೆ ಪುಸ್ತಕ ಬೇಕಾಗಲಿಲ್ಲ. ಅದನ್ನೇ ನಾನು ನೋಡುವುದು. ಬೇಗ ಆಗುತ್ತೋ ನಿಧಾನವೋ, ಆಮೇಲಿನ ಮಾತು. ಕಾಳು ಮೂರು ಗಂಟೆ ಒಲೆ ಮೇಲಿದ್ದರೂ ನನ್ನ ಕೈಕೆಲಸ ಹತ್ತು ನಿಮಿಷದ್ದು.

ಹಾಗಾದರೆ ತಗೋಬಹುದಾ? ಮೆಕ್ಸಿಕನ್ ಅಂಗಡಿ ಹತ್ತಿರ ಇರುವ ಊರಿನಲ್ಲಿ, ಅಮೆರಿಕದಲ್ಲಿ, ನಿಮ್ಮ ಮಕ್ಕಳಿದ್ದರೆ ಧಾರಾಳವಾಗಿ ಹೇಳಿ. ಇಲ್ಲಿರುವ ನಮಗೆ ಅಷ್ಟು ದುಡ್ಡು ಕೊಡಿ ಅಂತ ಹೇಳಲಾರೆ. ಟೊಮ್ಯಾಟಿಯೋ ಅನ್ನುವ ಹುಳಿ ಹಸಿರು ಕಾಯಿ ಇಲ್ಲಿ ಸಿಗುವುದಿಲ್ಲ, ಕಾಯಿ ಟೊಮೆಟೊ ಹಾಕಿದರೆ ಅದೇ ರುಚಿ ಬರುವುದಿಲ್ಲ. ಒಣಮೆಣಸಿನಕಾಯಿಯಲ್ಲಿ ಬ್ಯಾಡಗಿ ಬಣ್ಣ ಕೊಡುತ್ತದೆ, ಆದರೆ ಅವರ ಆಂಚೋದಲ್ಲಿರುವ ಒಣಹಣ್ಣಿನಂಥ ಸಿಹಿ ಇರುವುದಿಲ್ಲ. ಟೊರ್ಟಿಯಾ ಬಗ್ಗೆ ಕೇಳಿದವರಿಗೆ: ನಮ್ಮ ಮೆಕ್ಕೆಜೋಳದ ಹಿಟ್ಟು ತಂದು ಕಲಸಬೇಡಿ, ಒಡೆದುಹೋಗುತ್ತದೆ. ಅವರು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ಬಿಡಿಸಿ, ಆಮೇಲೆ ಅರೆಯುತ್ತಾರೆ. ಎಲೆ ಅಡಿಕೆಗೆ ಹಚ್ಚುವ ಅದೇ ಸುಣ್ಣ. ಹಿಟ್ಟು ಅಂಟು ಹಿಡಿಯುವುದೂ, ಜೋಳದಲ್ಲಿರುವ ಒಂದು ಬಿ ವಿಟಮಿನ್ ಮೈಗೆ ಹತ್ತುವುದೂ ಅದರಿಂದಲೇ. ಹಾಗೆ ಮಾಡಿ ಒಣಗಿಸಿದ ಹಿಟ್ಟು ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅದರಲ್ಲಿ ನನ್ನ ಮೊದಲ ದಿನದವು ಅಂಚು ಒಡೆದವು, ಮೂರನೇ ದಿನದವು ಹೆಂಚಿನ ಮೇಲೆ ಫುಲ್ಕದಂತೆ ಉಬ್ಬಿದವು. ಅಕ್ಕಿ ರೊಟ್ಟಿ ತಟ್ಟಿದ ಕೈ, ಬೇಗ ಕಲಿಯಿತು.

ಯಾರ ಬಳಿಯಾದರೂ ಇದ್ದರೆ ಎರವಲು ತನ್ನಿ. ಕಾಳಿನ ಪುಟ, ಅನ್ನದ ಪುಟ, ಸಾಲ್ಸಾ ಪುಟ ಬರೆದುಕೊಂಡು ವಾಪಸ್ ಕೊಡಿ. ನಾನೂ ಹಾಗೇ ಮಾಡಿದ್ದು. ಪೆನ್ಸಿಲ್ ಗುರುತಿನ ಪುಸ್ತಕ ಸೊಸೆಯ ಹತ್ತಿರವೇ ಇದೆ. ಕಾಳಿನ ಪುಟದಲ್ಲಿ ಉಪ್ಪಿನ ಅಳತೆ ಹೊಡೆದುಹಾಕಿ, ಕೆಳಗೆ ಅವಳ ಕೈಯಲ್ಲಿ ಇನ್ನೊಂದು ಅಳತೆ ಬರೆದಿದ್ದಾಳೆ.

ಮೈಸೂರಿಗೆ ಬಂದ ವಾರ ಕಪ್ಪು ಕಾಳು ಸಿಗದೆ ರಾಜ್ಮಾದಲ್ಲೇ ಮಾಡಿದೆ. ಮೊದಲು ಹತ್ತು ನಿಮಿಷ ಜೋರಾಗಿ ಕುದಿಸಿ ಆಮೇಲೆ ಉರಿ ಸಣ್ಣ ಮಾಡಿ, ರಾಜ್ಮಾಗೆ ಅದು ಬೇಕೇ ಬೇಕು. ಸಂಜೆತನಕ ಕಾದು ಬಡಿಸಿದರೆ, ನಮ್ಮನೆಯವರು ಒಂದು ತುತ್ತು ತಿಂದು ಬಟ್ಟಲನ್ನು ಬಗ್ಗಿ ನೋಡಿದರು. "ಚೆನ್ನಾಗಿದೆ ಕಣೆ. ಒಗ್ಗರಣೆ ಮರೆತೆಯಾ?"