ನಾವೇ ಮಾಡೋಣ: ಬೈಕಿನ ಪ್ಲಗ್ ಬದಲಾಯಿಸುವುದು

ಮನೆಗೆ ಒಂದೇ ಬೈಕು ಇರುವ ಕುಟುಂಬಗಳು ನಮ್ಮಲ್ಲಿ ಬಹಳ. ಹಾಲು ಸೊಸೈಟಿಗೆ ಕೊಂಡುಹೋಗಲು ಅದೇ, ಮಕ್ಕಳನ್ನು ಬಸ್ಸಿಗೆ ಬಿಡಲು ಅದೇ, ಅಜ್ಜಿಗೆ ರಾತ್ರಿ ಮದ್ದು ತರಲು ಅದೇ, ಭಾನುವಾರ ಬಲಿಪೂಜೆಗೆ ಹೋಗಲೂ ಅದೇ. ಅದು ಕೈಕೊಟ್ಟ ದಿನ ಪ್ಲಗ್ ಬಿಚ್ಚಿ ನೋಡಲು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು. ಇಬ್ಬರು ಎಂದು ಬೇಕೆಂದೇ ಬರೆದೆ. ಗಂಡಸರು ಗಲ್ಫಿನಲ್ಲಿದ್ದು ಸೊಸೆಯೋ ಮಗಳೋ ಗಾಡಿ ಓಡಿಸುವ ಮನೆಗಳು ಕಾಸರಗೋಡಿನ ಕಡೆ ಕಡಿಮೆಯೇನಲ್ಲ.

ಕೆಲಸ ಕಾಲು ಗಂಟೆಯದು. ಆದರೆ ಅದರಲ್ಲಿ ಒಂದು ಕಡೆ ಅವಸರ ಮಾಡಿದರೆ ಸಣ್ಣ ಪ್ಲಗ್ಗಿಗಾಗಿ ಎಂಜಿನ್ನಿನ ಹೆಡ್ಡೇ ಹಾಳಾಗುತ್ತದೆ. ಆ ಜಾಗ ಬಂದಾಗ ಸ್ವಲ್ಪ ನಿಂತು ಹೇಳುತ್ತೇನೆ.

ಪ್ಲಗ್ ಮಾಡುವುದು ಒಂದೇ ಕೆಲಸ. ಸಿಲಿಂಡರಿನೊಳಗೆ ಒತ್ತಿ ಹಿಡಿದ ಪೆಟ್ರೋಲು-ಗಾಳಿಯ ಮಿಶ್ರಣಕ್ಕೆ ಕಿಡಿ ತಾಗಿಸುವುದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಮಿಶ್ರಣ ಉರಿಯುತ್ತದೆ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ! ಇಷ್ಟು ದುಡಿದರೆ ತುದಿ ಸವೆಯದೆ ಇರುತ್ತದೆಯೇ? ಸಾಮಾನ್ಯ ಪ್ಲಗ್ ಸುಮಾರು 8ರಿಂದ 12 ಸಾವಿರ ಕಿ.ಮೀ. ಬಂದರೆ ಅದರ ಋಣ ತೀರಿತೆಂದು ತಿಳಿಯಿರಿ. ಸರಿಯಾದ ಲೆಕ್ಕ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿದೆ.

ಕೊಳ್ಳುವಾಗ ಹಳೆಯ ಪ್ಲಗ್ಗನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು. ಅದರ ಮೇಲೆ ಬರೆದ ಅಕ್ಷರ, ಅಂಕೆ ಎಲ್ಲ ಹೊಂದಬೇಕು. ಸ್ಪ್ಲೆಂಡರ್‌ನಂಥ 100 ಸಿಸಿ ಗಾಡಿಗಳ ಪ್ಲಗ್ ಸಪೂರ: ಥ್ರೆಡ್ 10 ಮಿ.ಮೀ., ಬಿಚ್ಚಲು 16ರ ಪಾನ. ಹಳೆಯ ಟೂ ಸ್ಟ್ರೋಕ್ ಗಾಡಿಗಳದು ದಪ್ಪ: ಥ್ರೆಡ್ 14 ಮಿ.ಮೀ., 21ರ ಪಾನ. ಬೇರೆ ಕಂಪೆನಿಯದು ಕೊಟ್ಟರೆ ಅಂಕೆ ನೋಡಿ ಮೋಸಹೋಗಬೇಡಿ. ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತದೆ ಎಂಬುದನ್ನು ಆ ಅಂಕೆ ಹೇಳುತ್ತದೆ. ಎನ್‌ಜಿಕೆಯಲ್ಲಿ ಅಂಕೆ ಏರಿದಂತೆ ಪ್ಲಗ್ ತಂಪು, ಬಾಷ್‌ನಲ್ಲಿ ಅಂಕೆ ಏರಿದಂತೆ ಬಿಸಿ. ಒಂದರ 7 ಇನ್ನೊಂದರ 7 ಅಲ್ಲ. ನಮ್ಮ ಹಿರಿಯರು ಈಗಲೂ ಕೇಳುವುದು ‘ಮೈಕೋ ಪ್ಲಗ್’. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪೆನಿಗೆ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರಾಯಿತು. ಆದ್ದರಿಂದ ಬಾಷ್ ಡಬ್ಬಿ ಕೈಗೆ ಕೊಟ್ಟರೆಂದು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲಬೇಡಿ.

ಇನ್ನು ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಮಾಡಿದರೆ ಬಹಳ ಅನುಕೂಲ. ಹೆಡ್ ಅಲ್ಯುಮಿನಿಯಮ್ಮಿನದು, ಪ್ಲಗ್ ಉಕ್ಕಿನದು. ಬಿಸಿಯಲ್ಲಿ ಬಿಚ್ಚಲು ಹೋದರೆ ಕೈ ಸುಡುವುದಲ್ಲದೆ ಮೆತ್ತಗಿನ ಅಲ್ಯುಮಿನಿಯಮ್ ಥ್ರೆಡ್ ಕಿತ್ತು ಬರಬಹುದು. ಕೀ ತೆಗೆದಿಡಿ. ದಪ್ಪ ಕಪ್ಪು ವಯರಿನ ತುದಿಯಲ್ಲಿರುವ ಕ್ಯಾಪನ್ನು ಹಿಡಿದು ಎಳೆಯಿರಿ, ವಯರನ್ನಲ್ಲ.

ಕ್ಯಾಪ್ ತೆಗೆದ ಕೂಡಲೇ ಪಾನ ಹಾಕಬೇಡಿ. ನಮ್ಮ ಮುರಕಲ್ಲಿನ ಊರುಗಳಲ್ಲಿ ಪ್ಲಗ್ಗಿನ ಬುಡದಲ್ಲಿ ಕೆಂಪು ಧೂಳು, ಮಳೆಗಾಲದಲ್ಲಾದರೆ ಕೆಸರು ಕೂತಿರುತ್ತದೆ. ಪ್ಲಗ್ ಹೊರಗೆ ಬಂದೊಡನೆ ಅದೆಲ್ಲ ಸಿಲಿಂಡರಿಗೆ ಬೀಳುತ್ತದೆ. ಹಳೆಯ ಬ್ರಶ್ಶಿನಿಂದ ಕೆರೆದು, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಆಮೇಲೆ ಟೂಲ್ ಕಿಟ್ಟಿನಲ್ಲಿರುವ ಪ್ಲಗ್ ಪಾನವನ್ನು ನೇರವಾಗಿ ಕೂರಿಸಿ ಎಡಕ್ಕೆ ತಿರುಗಿಸಿ. ಓರೆಯಾಗಿ ಹಿಡಿದರೆ ಬಿಳಿ ಪಿಂಗಾಣಿ ಬಿರುಕು ಬಿಡುತ್ತದೆ.

ಹೊರಗೆ ಬಂದ ಪ್ಲಗ್ಗನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ಅದರ ಮೂತಿ ನೋಡಿ. ಡಾಕ್ಟರರು ನಾಲಿಗೆ ನೋಡುವ ಹಾಗೆ. ಕಾಫಿಗೆ ಹಾಲು ಬೆರೆಸಿದ ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಚೋಕ್ ಎಳೆದೇ ಓಡಿಸಿದ್ದೀರೋ, ಏರ್ ಫಿಲ್ಟರ್ ಕಟ್ಟಿದೆಯೋ ನೋಡಿ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಕಪ್ಪಾಗಿ ಎಣ್ಣೆ ಎಣ್ಣೆ ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ ಎಂದರ್ಥ, ರಿಂಗೋ ವಾಲ್ವ್ ಸೀಲೋ ಸವೆದಿರಬಹುದು. ಬೆಳ್ಳಗೆ ಸುಟ್ಟಂತೆ, ಗುಳ್ಳೆ ಎದ್ದಂತೆ ಇದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಕೊನೆಯ ಎರಡಕ್ಕೆ ಮೆಕ್ಯಾನಿಕ್‌ನ ಬಳಿ ಹೋಗಲೇಬೇಕು. ಹೊಸ ಪ್ಲಗ್ ಹಾಕಿದರೆ ಅದೂ ನಾಲ್ಕು ದಿನದಲ್ಲಿ ಹಾಗೆಯೇ ಆಗುತ್ತದೆ. ಪ್ಲಗ್ ಬದಲಾಯಿಸಿ ಬದಲಾಯಿಸಿ ದುಡ್ಡು ಕಳೆಯುವವರು ಹೆಚ್ಚಾಗಿ ಈ ಮೂತಿ ನೋಡದವರೇ.

ಹೊಸ ಪ್ಲಗ್ಗಿನ ಗ್ಯಾಪ್ ನೋಡದೆ ಹಾಕಬಾರದು. ಹಳೆಯ 100 ಸಿಸಿ ಗಾಡಿಗಳಿಗೆ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ.; ನಿಮ್ಮ ಗಾಡಿಯದು ಪುಸ್ತಕದಲ್ಲಿರುತ್ತದೆ. ಫೀಲರ್ ಗೇಜ್ ಎಂಬ ತೆಳು ತಗಡುಗಳ ಗೊಂಚಲು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಹಲ್ಲಿಲ್ಲದ ಬದಿಯನ್ನು ತೂರಿಸಿ ನೋಡಬಹುದು. ಸರಿಪಡಿಸುವುದಾದರೆ ಹೊರಗಿನ ಬಾಗಿದ ಕೊಕ್ಕೆಯನ್ನು ಮಾತ್ರ ಸ್ವಲ್ಪವೇ ಬಗ್ಗಿಸಿ. ನಡುವಿನ ಕಡ್ಡಿಗೆ ಒತ್ತು ಕೊಡಬೇಡಿ. ಪ್ಲಗ್ಗಿನ ಹಿಂತುದಿಯನ್ನೂ ಹಳೆಯದರೊಂದಿಗೆ ಹೋಲಿಸಿ. ಅಲ್ಲಿರುವ ಪುಟ್ಟ ನಟ್ಟು ಕೆಲವು ಕ್ಯಾಪುಗಳಿಗೆ ಬೇಕು, ಕೆಲವಕ್ಕೆ ತೆಗೆಯಬೇಕು.

ಈಗ ನಾನು ಹೇಳಿದ ಆ ಜಾಗ. ಹೊಸ ಪ್ಲಗ್ಗನ್ನು ಪಾನದಿಂದ ಶುರುಮಾಡಲೇಬೇಡಿ. ಬೆರಳಿನಿಂದ ಶುರುಮಾಡಿ. ಬೆರಳು ಹೋಗದಷ್ಟು ಒಳಗಿದ್ದರೆ ಪೆಟ್ರೋಲ್ ಪೈಪಿನ ಒಂದು ಗೇಣು ತುಂಡನ್ನು ಪ್ಲಗ್ಗಿನ ಹಿಂತುದಿಗೆ ಸಿಕ್ಕಿಸಿ, ಅದನ್ನೇ ಹಿಡಿದು ತಿರುಗಿಸಿ. ಥ್ರೆಡ್ ಸರಿಯಾಗಿ ಕೂತರೆ ಪ್ಲಗ್ ಹಗುರವಾಗಿ ಒಳಗೆ ಹೋಗುತ್ತದೆ. ಓರೆಯಾಗಿ ಸಿಕ್ಕಿಕೊಂಡರೆ ರಬ್ಬರು ಜಾರುತ್ತದೆ, ಅಷ್ಟೇ; ಹೆಡ್ ಉಳಿಯುತ್ತದೆ. ಪಾನಕ್ಕೆ ಈ ದಾಕ್ಷಿಣ್ಯವಿಲ್ಲ. ಉಕ್ಕಿನ ಪ್ಲಗ್ಗು ಅಲ್ಯುಮಿನಿಯಮ್ಮಿನಲ್ಲಿ ತನ್ನದೇ ದಾರಿ ಕೊರೆದುಕೊಂಡು ಹೋಗಿಬಿಡುತ್ತದೆ. ಆಮೇಲೆ ಲೇತಿನವರಲ್ಲಿ ಹೊಸ ಥ್ರೆಡ್ ಕೂರಿಸಬೇಕು, ಇಲ್ಲವೇ ಹೆಡ್ಡೇ ಬದಲಿಸಬೇಕು. ಬೆರಳಿಗೆ ಬಿಗಿ ಅನಿಸಿದರೆ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದು ಮತ್ತೆ ಹಾಕಿ. ಮೂರು ಸಲವಾದರೂ ಸರಿ, ನಾಚಿಕೆಯೇನಿಲ್ಲ.

ಪೂರ್ತಿ ಕೂತು ನಿಂತ ಮೇಲೆ ಮಾತ್ರ ಪಾನ. ವಾಷರ್ ಇರುವ ಹೊಸ ಪ್ಲಗ್ಗಿಗೆ ಅರ್ಧ ಸುತ್ತು: ಗಡಿಯಾರದ ಮುಳ್ಳು 12ರಿಂದ 6ಕ್ಕೆ ಬಂದಷ್ಟು. ತೊಳೆದು ಮತ್ತೆ ಹಾಕುವ ಹಳೆಯ ಪ್ಲಗ್ಗಿನ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಅದಕ್ಕೆ 12ರಿಂದ 1ಕ್ಕೆ ಬಂದಷ್ಟು ಸಾಕು. ತೋಳ್ಬಲ ತೋರಿಸುವ ಜಾಗ ಇದಲ್ಲ ಎಂದು ಮನೆಯ ಹುಡುಗರಿಗೆ ಹೇಳಿ. ಥ್ರೆಡ್ಡಿಗೆ ಗ್ರೀಸ್ ಹಚ್ಚುವ ರೂಢಿಯೂ ಬೇಡ. ಜಾರುತ್ತದೆಂದು ತಿಳಿಯದೆ ಹೆಚ್ಚು ಬಿಗಿದುಬಿಡುತ್ತೇವೆ. ಕ್ಯಾಪನ್ನು ‘ಟಕ್’ ಎಂದು ಕೂರುವವರೆಗೆ ಒತ್ತಿ.

ಇಷ್ಟಾದರೂ ಗಾಡಿ ಸ್ಟಾರ್ಟ್ ಆಗದಿದ್ದರೆ? ಕಿಡಿ ಬರುತ್ತಿದೆಯೇ ಎಂದು ನೋಡಲು ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಇದರಲ್ಲಿ ಅಪಾಯವಿದೆ. ತೆರೆದ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ! ನೋಡಲೇಬೇಕಾದರೆ ಒಂದು ಪ್ಲಗ್ಗನ್ನು ತೂತಿನಲ್ಲೇ ಬಿಟ್ಟು, ಇನ್ನೊಂದನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಮೈ ಹೆಡ್ಡಿನ ಬರಿ ಲೋಹಕ್ಕೆ ತಾಗುವಂತೆ ಇಟ್ಟು ನೋಡಿ. ಕೈ ರಬ್ಬರಿನ ಕ್ಯಾಪಿನ ಮೇಲಷ್ಟೇ ಇರಲಿ, ಮಕ್ಕಳು ದೂರವಿರಲಿ. ಇದೂ ಹಳೆಯ ಕಾರ್ಬ್ಯುರೇಟರ್ ಗಾಡಿಗಳಿಗೆ ಮಾತ್ರ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳು ಬಹುಪಾಲು ಫ್ಯೂಯೆಲ್ ಇಂಜೆಕ್ಷನ್ನಿನವು. ಅವುಗಳಲ್ಲಿ ಪ್ಲಗ್ ಬದಲಾಯಿಸಿ, ಕಿಡಿಯ ಪರೀಕ್ಷೆಯನ್ನು ಗ್ಯಾರೇಜಿಗೇ ಬಿಡಿ.

ಒಂದು ಹೊಸ ಪ್ಲಗ್, ಪಾನ, ಆ ಪೈಪಿನ ತುಂಡು, ಒಂದು ಹಳೆ ಬಟ್ಟೆ: ಇವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಾಡಿಯ ಟೂಲ್ ಪೆಟ್ಟಿಗೆಯಲ್ಲೇ ಇಡಿ. ಮಸಿ ಹಿಡಿದ ಪ್ಲಗ್ ಸಿಕ್ಕಿದವರು ಏರ್ ಫಿಲ್ಟರ್ ತೊಳೆಯುವ ಮುನ್ನ ಅದು ಕಾಗದದ್ದೋ ಸ್ಪಂಜಿನದೋ ನೋಡಿಕೊಳ್ಳಿ; ಕಾಗದದ್ದನ್ನು ತೊಳೆಯುವ ಹಾಗಿಲ್ಲ. ಉಳಿದದ್ದು ಮುಂದಿನ ತಿಂಗಳು.