ಲಿಂಗ ಹಿಡಿದ ಕೈಯ ಬಾಸುಂಡೆ



ತಾಯಿ ಲಿಂಗೈಕ್ಯರಾದಾಗ ನನಗೆ ಎಂಟು ವರ್ಷ. ತಂದೆ ಮೊದಲೇ ಇರಲಿಲ್ಲ. ಕಾಕಾನ ಮನೆಯಲ್ಲಿ ಉಳಿದೆ. ಕೊಟ್ಟಿಗೆ ಬಳಿಯುವುದು ತಡವಾದರೆ ಬಾರುಕೋಲಿನ ಏಟು, ರಾತ್ರಿ ಉಪವಾಸ. ‘ಹಿಂದಿನ ಜನ್ಮದ ಕರ್ಮ, ಅನುಭವಿಸಬೇಕು’ ಎಂದು ನೆರೆಯವರು ಹೇಳುತ್ತಿದ್ದರು.

ಸಂಜೆಯಾದರೆ ಊರ ಮಠಕ್ಕೆ ಓಡುತ್ತಿದ್ದೆ. ಅಲ್ಲಿಯ ಅಜ್ಜಾರು ನನಗೆ ಲಿಂಗದೀಕ್ಷೆ ಕೊಟ್ಟಿದ್ದರು. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ನೋಡುತ್ತ ಕುಳಿತರೆ ಭಯ ಇಳಿಯುತ್ತಿತ್ತು. ರಾತ್ರಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿದ್ದೆ. ನನ್ನದು ಎನ್ನಲು ಆ ಮನೆಯಲ್ಲಿ ಅದೊಂದೇ ಇತ್ತು.

ಒಂದು ದಿನ ಪೂಜೆಗೆ ಎಡಗೈ ಚಾಚಿದಾಗ ಅಂಗಿಯ ತೋಳು ಸರಿಯಿತು.

‘ಕೈ ಯಾಕ ಹಿಂಗಾಗೇದ, ತಮ್ಮಾ?’

‘ಎಮ್ಮಿ ಒದೀತ್ರೀ ಅಜ್ಜಾರ.’

‘ಎಮ್ಮಿ ಒದ್ದರ ಬಾಸುಂಡಿ ಹಿಂಗ ಏಳಂಗಿಲ್ಲ.’

ಅಜ್ಜಾರು ಪ್ರಸಾದ ಮಾಡಿಸಿ, ಬೆತ್ತ ಹಿಡಿದು ನನ್ನೊಂದಿಗೆ ಕಾಕಾನ ಮನೆಗೆ ನಡೆದರು. ಬೈಯಲಿಲ್ಲ. ‘ಇವ ನಾಳಿಯಿಂದ ಮಠದಾಗ ಇರ್ತಾನ, ಓದಸ್ತೀವಿ’ ಎಂದಷ್ಟೇ ಹೇಳಿದರು. ಆ ಮಾತಿನಿಂದಲೇ ನಾನು ಓದಿ ಎಂಜಿನಿಯರ್ ಆದೆ.

ಇಷ್ಟಲಿಂಗ ನನಗೆ ಧೈರ್ಯ ಕೊಟ್ಟಿತು. ಏಟು ನಿಲ್ಲಿಸಿದ್ದು ಮಾತ್ರ ಅಜ್ಜಾರ ನಡಿಗೆ. ಅವರು ‘ಶಿವನನ್ನು ನೆನೆ, ಸಹಿಸಿಕೋ’ ಎಂದು ಕಳಿಸಿದ್ದರೆ ನನ್ನ ಭಕ್ತಿಯೇ ಕಾಕಾನ ಬಾರುಕೋಲಿಗೆ ಬೆಂಬಲವಾಗುತ್ತಿತ್ತು. ಬಾಲಕ ಬಸವಣ್ಣನವರು ಬಾಗೇವಾಡಿಯ ಮನೆ ತೊರೆದು ಕೂಡಲಸಂಗಮಕ್ಕೆ ಹೋದರೆನ್ನುತ್ತೇವೆ. ಅಲ್ಲಿ ಸಂಗಮನಾಥನಷ್ಟೇ ಅಲ್ಲ, ಆಶ್ರಯ ಕೊಟ್ಟು ವಿದ್ಯೆ ಕಲಿಸಿದ ಗುರುವೂ ಇದ್ದರೆಂಬುದನ್ನು ಮರೆಯಬಾರದು.

ಅಂದು ಅಜ್ಜಾರಿಗೆ ಇದ್ದದ್ದು ಊರಿನ ಗೌರವವೊಂದೇ. ಇಂದು ನಮಗೆ ಕಾನೂನಿನ ಬಲವೂ ಇದೆ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಇದರಲ್ಲಿ ಪೀಠಾಧಿಪತಿಗೂ ವಿನಾಯಿತಿಯಿಲ್ಲ, ಭಕ್ತನಿಗೂ ಇಲ್ಲ. 1098ಕ್ಕೆ ಕರೆ ಮಾಡಲು ಹಣ ಬೇಕಿಲ್ಲ.

ನಮ್ಮ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟಿವೆ. ಆ ಹೆಮ್ಮೆಯ ಜೊತೆಗೆ ಹೊಣೆಯೂ ಇದೆ. ಪ್ರತಿ ಪ್ರಸಾದನಿಲಯದ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಆ ನಾಲ್ಕು ಅಂಕಿಗಳನ್ನು ಬರೆಸೋಣ. ಮಗು ಯಾರ ಮೇಲೆ ದೂರಿದರೂ, ಅದು ಮಠದ ಒಳಗಿನವರ ಮೇಲೇ ಆಗಿದ್ದರೂ, ಮುಚ್ಚಿಡದಿರೋಣ. ಕೆರೆಯ ಏರಿಯಲ್ಲಿ ಸೋರಿಕೆ ಕಂಡರೆ ಅಂದೇ ವರದಿ ಮಾಡಬೇಕೆಂಬುದು ನಾನು ನೌಕರಿಯಲ್ಲಿ ಕಲಿತ ಪಾಠ. ಇಲಾಖೆಯ ಮಾನ ಹೋಗುತ್ತದೆಂದು ಸುಮ್ಮನಿದ್ದರೆ ಕೆಳಗಿನ ಊರೇ ಹೋಗುತ್ತದೆ.

ಮುಂದಿನ ಬಾರಿ ದೀಕ್ಷೆಗೆ ಬಂದ ಮಗುವಿನ ಅಂಗೈಯಲ್ಲಿ ಲಿಂಗವಿಡುವಾಗ, ಆ ಕೈಯನ್ನೂ ಒಮ್ಮೆ ನೋಡೋಣ.