ಕಣ್ಣೊಂದನ್ನೇ ನಂಬಿದರೆ…

ಕಳೆದ ಶ್ರಾವಣದಲ್ಲಿ ಅಕ್ಕನ ಮೂರು ಸೀರೆ ವಾಪಸ್ ಬಂದವು. ಶಿವಮೊಗ್ಗದ ಮನೆಯಿಂದಲೇ ಅವಳು ವಾಟ್ಸ್‌ಆ್ಯಪ್‌ನಲ್ಲಿ ಸೀರೆ ಮಾರ್ತಾಳೆ. ಫೋಟೊ ತಿದ್ದಿ ಕೊಡೋದು ನನ್ನ ಕೆಲಸ. ‘ಫೋಟೊದಲ್ಲಿ ರಾಣಿ ಪಿಂಕ್ ಇತ್ತು, ಬಂದಿದ್ದು ಕುಂಕುಮದ ಬಣ್ಣ’ ಅಂತ ಮೂವರದ್ದೂ ಒಂದೇ ದೂರು. ಎರಡೂ ಕಡೆಯ ಕೊರಿಯರ್ ಖರ್ಚು ಅಕ್ಕನ ತಲೆಗೇ ಬಂತು. ‘ಎಂಜಿನಿಯರ್ ಅಂತೀಯ, ಇಷ್ಟೂ ನೋಡಕ್ಕಾಗಲ್ವೇನೋ?’ ಅಂದಳು.

ನನ್ನ ಮಾನಿಟರಿನಲ್ಲಿ ಎಲ್ಲ ಸರಿಯಾಗೇ ಕಾಣ್ತಿತ್ತು. ಎಡವಟ್ಟು ಆಗಿದ್ದೇ ಅಲ್ಲಿ. ನಾನು ಫೋಟೊ ತಿದ್ದಲು ಕೂರ್ತಿದ್ದುದು ರಾತ್ರಿ. ಅಷ್ಟೊತ್ತಿಗೆ ನೈಟ್ ಲೈಟ್ ತಾನಾಗೇ ಆನ್ ಆಗಿ ಪರದೆ ಹಳದಿ ತಿರುಗಿರುತ್ತಿತ್ತು. ಅದನ್ನು ಮರೆತು, ಫೋಟೊನೇ ಹಳದಿ ಅಂದ್ಕೊಂಡು ನೀಲಿ ಸೇರಿಸ್ತಿದ್ದೆ. ಗಿರಾಕಿಯ ಫೋನಿನಲ್ಲಿ ಕುಂಕುಮ ಹೋಗಿ ರಾಣಿ ಪಿಂಕ್!

ಭಾನುವಾರ ಭದ್ರಾವತಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರು. 1923ರಲ್ಲಿ ಉತ್ಪಾದನೆ ಶುರುವಾದ, ವಿಶ್ವೇಶ್ವರಯ್ಯನವರ ಹೆಸರಿನದ್ದೇ ಕಾರ್ಖಾನೆ. ‘ಕಾದ ಕಬ್ಬಿಣದ ಬಣ್ಣ ನೋಡಿ ನಾವು ಕಾವು ಎಷ್ಟು ಅಂತ ಅಂದಾಜು ಮಾಡ್ತಿದ್ವಿ ಕಣೋ. ಹಾಗಂತ ಕಣ್ಣೊಂದನ್ನೇ ನಂಬ್ತಿರ್ಲಿಲ್ಲ. ಅಳೆದೇ ಮುಂದಿನ ಕೆಲಸ’ ಅಂದರು.

ಮಾನಿಟರಿನ ಲೆಕ್ಕವೂ ಅದೇ ಕುಲುಮೆಯದ್ದು. ವಸ್ತು ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಬಿಳಿ, ಕೊನೆಗೆ ನೀಲಿ ಛಾಯೆ. ಹಾಗಾಗಿ ಬಿಳಿ ಬಣ್ಣವನ್ನೂ ಕೆಲ್ವಿನ್‌ನಲ್ಲಿ ಅಳೀತಾರೆ. ಹಳೇ ಕಾಲದ ಬುರುಡೆ ಬಲ್ಬಿನ ಬೆಳಕು ಸುಮಾರು 2700, ಮಾನಿಟರಿಗೆ ಬೇಕಾದ ಹಗಲಿನ ಬಿಳಿ ಸುಮಾರು 6500.

ಒಬ್ಬ ಫೋಟೊಗ್ರಾಫರ್ ಗೆಳೆಯನಿಂದ ಕಲರಿಮೀಟರ್ ಎರವಲು ತಂದೆ. ಕಂಪ್ಯೂಟರ್ ಮೌಸ್‌ನಷ್ಟು ದೊಡ್ಡ ಸಾಧನ ಅದು. ನೈಟ್ ಲೈಟ್, ಆಟೋ ಬ್ರೈಟ್‌ನೆಸ್ ಎರಡನ್ನೂ ಆಫ್ ಮಾಡಿ, ಮಾನಿಟರನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟೆ. ಬಿಳಿ 6500 ಕೆಲ್ವಿನ್, ಗಾಮಾ 2.2, ಹೊಳಪು ಚದರ ಮೀಟರಿಗೆ 120 ಕ್ಯಾಂಡೆಲಾ ಅಂತ ಗುರಿ ಕೊಟ್ಟೆ. ಸಾಫ್ಟ್‌ವೇರ್ ಒಂದೊಂದೇ ಬಣ್ಣ ತೋರಿಸಿತು, ಕಲರಿಮೀಟರ್ ಅಳೆಯಿತು. ಕೊನೆಗೆ ನನ್ನ ಮಾನಿಟರಿನ ತಪ್ಪುಗಳನ್ನು ಸರಿದೂಗಿಸುವ ಒಂದು ಐಸಿಸಿ ಪ್ರೊಫೈಲ್ ಸಿಕ್ಕಿತು. ಮೊದಲ ನೋಟಕ್ಕೆ ಪರದೆ ಮಂಕಾಯ್ತು ಅನ್ನಿಸ್ತು. ಒಂದೆರಡು ದಿನದಲ್ಲಿ ಕಣ್ಣು ಒಗ್ಗಿತು.

ಗಿರಾಕಿಗಳ ಫೋನನ್ನೆಲ್ಲ ನಾನು ಸರಿ ಮಾಡೋಕಾಗಲ್ಲ, ನಿಜ. ಆದರೆ ಈ ಕಡೆಯ ತಪ್ಪಾದರೂ ಕಡಿಮೆಯಾಗುತ್ತಲ್ಲ! ಈಗ ಅಕ್ಕ ಸೀರೆಯನ್ನು ಹಗಲು ಬೆಳಕಲ್ಲೇ, ಪಕ್ಕದಲ್ಲಿ ಒಂದು ಬೂದು ಕಾರ್ಡ್ ಇಟ್ಟು ಫೋಟೊ ತೆಗೀತಾಳೆ. ಕೆಳಗೆ ‘ಕುಂಕುಮದ ಬಣ್ಣ’ ಅಂತ ಬರೀತಾಳೆ.

ನೀವೂ ಫೋನಿನಲ್ಲಿ ಸೀರೆ ಕೊಳ್ಳೋ ಮುಂಚೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ. ‘ವಿವಿಡ್’ ಇದ್ದರೆ ‘ನ್ಯಾಚುರಲ್’ ಮಾಡಿ, ನೈಟ್ ಲೈಟ್ ಆಫ್ ಮಾಡಿ, ಆಮೇಲೆ ಆರ್ಡರ್ ಒತ್ತಿ. ಮಾರೋರ ಮನೆಯಲ್ಲೂ ಒಬ್ಬ ತಮ್ಮ ಬೈಸ್ಕೊಳ್ಳೋದು ತಪ್ಪುತ್ತೆ.